ಇದ್ದಿಲು ಹಿಡಿದದ್ದು ಸತ್ತಿರಲಿಲ್ಲ

ಭತ್ತದ ಹೊಟ್ಟು ತೊಳೆಯುವುದೂ ನನ್ನ ಕೆಲಸವೇ ಎಂದು ಸೇರುವಾಗ ಯಾರೂ ಹೇಳಿರಲಿಲ್ಲ. ನಾನು ಓದಿದ್ದು ಸೂಕ್ಷ್ಮಜೀವಿಶಾಸ್ತ್ರ. ಬಳ್ಳಾರಿಯ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರು ಹೊಟ್ಟಿನ ಇದ್ದಿಲಿನಿಂದ ಕುಡಿಯುವ ನೀರಿನ ಫಿಲ್ಟರ್ ಮಾಡುವ ಯೋಜನೆ ಹಾಕಿಕೊಂಡಿದ್ದರು. ಬ್ಯಾಕ್ಟೀರಿಯಾ ಎಣಿಸಲು ಒಬ್ಬರು ಬೇಕೆಂದು ನನ್ನನ್ನು ತೆಗೆದುಕೊಂಡರು. ಆದರೆ ಎಣಿಸುವ ಮೊದಲು ಇದ್ದಿಲು ಆಗಬೇಕಲ್ಲ. ಸಿರುಗುಪ್ಪದ ರೈಸ್‌ಮಿಲ್ಲಿನಿಂದ ಬಂದ ಚೀಲ ಬಿಚ್ಚಿ, ನುಚ್ಚು, ಕಲ್ಲು, ಹುಲ್ಲುಕಡ್ಡಿ ಆರಿಸಿ, ಮೂರು ನೀರಿನಲ್ಲಿ ತೊಳೆದು ಒಣಹಾಕಬೇಕು. ಅದಕ್ಕಿದ್ದವರು ಇಬ್ಬರೇ, ನಾನು ಮತ್ತು ನಿವೃತ್ತಿಗೆ ಹತ್ತಿರವಾಗಿದ್ದ ನಮ್ಮ ಅಟೆಂಡರಣ್ಣ.

"ಮೇಡಂ, ಮನ್ಯಾಗೂ ಅಕ್ಕಿ ಇಷ್ಟು ಚಂದ ತೊಳಿತೀರೇನ್ರಿ?" ಎಂದು ಅವರು ಮೊದಲ ದಿನವೇ ಕೇಳಿದರು.

"ಮನ್ಯಾಗ ನಮ್ಮ ಅತ್ತಿ ತೊಳಿತಾರ್ರಿ," ಎಂದೆ.

"ಅದಕ್ಕ ನಿಮಗ ಇಲ್ಲಿ ಹಚ್ಯಾರ ನೋಡ್ರಿ."

ಒಣಗಿದ ಹೊಟ್ಟನ್ನು ಗಾಳಿ ಸೋಕದಂತೆ ಕುಲುಮೆಯಲ್ಲಿ ಸುಡಬೇಕು. ಗಾಳಿ ಸೋಕಿದರೆ ಕೈಗೆ ಬರುವುದು ಬರೀ ಬೂದಿ. ಅದಕ್ಕಾಗಿ ಸಿಲಿಂಡರಿನಿಂದ ಸಾರಜನಕ ಹರಿಸುತ್ತಲೇ ಇರಬೇಕು. ಹಾಗೆ ಸಿಕ್ಕ ಕರಿಯನ್ನು ಕ್ಷಾರ ಮತ್ತು ಯೂರಿಯಾ ಜೊತೆ ಅರೆದು ಇನ್ನೊಂದು ಸಲ, ಇನ್ನೂ ಹೆಚ್ಚು ಶಾಖದಲ್ಲಿ ಸುಡಬೇಕು. ಕ್ಷಾರ ಕರಿಯನ್ನು ತಿಂದು ತೂತು ತೂತು ಮಾಡುತ್ತದೆ. ಯೂರಿಯಾದೊಳಗಿನ ಸಾರಜನಕ ಇಂಗಾಲದ ಹೆಣಿಗೆಯಲ್ಲಿ ಅಲ್ಲಲ್ಲಿ ಹೋಗಿ ಕೂರುತ್ತದೆ. ಹೀಗೆ ಬೇರೆ ಧಾತುವನ್ನು ಒಳಗೆ ಕೂರಿಸುವುದನ್ನೇ ಡೋಪಿಂಗ್ ಅನ್ನುತ್ತಾರೆ. ಸಾರಜನಕ ಕೂತ ಜಾಗಗಳು ನೀರಿನಲ್ಲಿ ಸ್ವಲ್ಪ ಧನ ವಿದ್ಯುದಂಶ ತಾಳುತ್ತವೆ. ಬ್ಯಾಕ್ಟೀರಿಯಾದ ಮೈಮೇಲೆ ಇರುವುದು ಋಣ. ಎರಡೂ ಒಂದನ್ನೊಂದು ಎಳೆದುಕೊಳ್ಳುತ್ತವೆ. ನಮ್ಮ ಇಡೀ ಯೋಜನೆ ನಿಂತಿದ್ದು ಇಷ್ಟರ ಮೇಲೆ.

ಕೊನೆಗೆ ತೊಳೆಯುವುದು. ಕ್ಷಾರದ ಅಂಶ ಒಂದಿಷ್ಟು ಉಳಿದರೂ ಅದೇ ಬ್ಯಾಕ್ಟೀರಿಯಾವನ್ನು ಕೊಂದು, ಹೆಸರು ಇದ್ದಿಲಿಗೆ ಬರುತ್ತದೆ. ಹಾಗಾಗಿ ಕ್ಷಾರ ತೋರಿಸುವ ಪರೀಕ್ಷೆಯ ಕಾಗದದ ಬಣ್ಣ ತಟಸ್ಥಕ್ಕೆ ಬರುವ ತನಕ ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದೆವು. ಕೈ, ಉಗುರು, ಮೂಗಿನ ಹೊಳ್ಳೆ ಎಲ್ಲ ಕಪ್ಪು. ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ನನಗೊಂದು ಬೇರೆ ಟವೆಲ್ ಇಟ್ಟುಬಿಟ್ಟರು.

ಅಷ್ಟರಲ್ಲಿ ಬೇಸಿಗೆ. ಬಳ್ಳಾರಿಯ ಬೇಸಿಗೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದೆಂದರೆ ಏನೆಂದು ತಂಪು ಊರಿನಲ್ಲಿ ಕೂತು ಪುಸ್ತಕ ಬರೆದವರಿಗೆ ಗೊತ್ತಿಲ್ಲ. ಬ್ಯಾಕ್ಟೀರಿಯಾ ಹಚ್ಚಿದ ಗಾಜಿನ ತಟ್ಟೆಗಳನ್ನು ಇಡುವ ಇನ್‌ಕ್ಯುಬೇಟರಿಗೆ ಬಿಸಿ ಮಾಡುವುದು ಗೊತ್ತೇ ಹೊರತು ತಣ್ಣಗೆ ಮಾಡುವುದು ಗೊತ್ತಿಲ್ಲ. ಅದರೊಳಗೆ ಇರಬೇಕಾದದ್ದು ನಮ್ಮ ಮೈಯ ಶಾಖ, ನಮ್ಮ ಕೋಣೆಯ ಶಾಖ ಅದನ್ನೂ ದಾಟಿತ್ತು. ನಾಲ್ಕು ದಿನದ ತಟ್ಟೆಗಳನ್ನು ಎಸೆದೆ. ಕೊನೆಗೆ ಎಸಿ ಇದ್ದ ಒಂದೇ ಕೋಣೆಯಾದ ಮುಖ್ಯಸ್ಥರ ಕೋಣೆಗೆ ಇನ್‌ಕ್ಯುಬೇಟರನ್ನು ಸಾಗಿಸಿದೆವು. ಯೋಜನೆಯ ಮುಖ್ಯಸ್ಥರನ್ನು ನಾವೆಲ್ಲ ಸರ್ ಅನ್ನುತ್ತಿದ್ದೆವು. ಅವರು ಮೂಗು ಮುಚ್ಚಿಕೊಂಡೇ ಒಪ್ಪಿದರು.

"ಈ ವಾಸನಿಯಾಗ ನಾನು ಹೆಂಗ ಕೂಡ್ಲಿ ಅಂತೀನಿ," ಎಂದರು ಸರ್.

"ನಾವು ದಿನಾ ಇದರಾಗಾ ಕೂಡ್ತೀವಲ್ರಿ ಸರ್," ಎಂದೆ. ಆ ಹೊತ್ತಿಗೆ ನನ್ನ ನಾಲಿಗೆಗೂ ಸ್ವಲ್ಪ ಬಿಸಿಲು ಬಡಿದಿತ್ತು.

ಮೊದಲ ಫಲಿತಾಂಶ ಬಂದ ಬೆಳಿಗ್ಗೆ ಮಾತ್ರ ಆಯಾಸವೆಲ್ಲ ಮರೆತಿದ್ದು ನಿಜ. ಬ್ಯಾಕ್ಟೀರಿಯಾ ಕಲಸಿದ ನೀರನ್ನು ಇದ್ದಿಲಿನ ಹರಳು ತುಂಬಿದ ಕೊಳವೆಯಲ್ಲಿ ಇಳಿಸಿ, ಕೆಳಗೆ ಬಂದ ನೀರನ್ನು ತಟ್ಟೆಗೆ ಹಚ್ಚಿದ್ದೆ. ಮಲದ ಬ್ಯಾಕ್ಟೀರಿಯಾ ಇದ್ದರೆ ಅದರ ಆಹಾರ ಹಾಕಿದ ನಮ್ಮ ತಟ್ಟೆಯಲ್ಲಿ ಲೋಹದಂಥ ಹಸಿರು ಹೊಳಪಿನ ಚುಕ್ಕೆಗಳು ಏಳುತ್ತವೆ. ಮಾಮೂಲಿ ಇದ್ದಿಲಿನ ತಟ್ಟೆಯ ತುಂಬ ಚುಕ್ಕೆ. ಡೋಪ್ ಮಾಡಿದ ಇದ್ದಿಲಿನ ತಟ್ಟೆ ಖಾಲಿ. ಮೂರು ಸಲ ಮಾಡಿದೆ, ಮೂರು ಸಲವೂ ಖಾಲಿ. ಸರ್ ವರದಿಯ ಕರಡಿನಲ್ಲಿ ಬರೆದರು: ಈ ಇದ್ದಿಲು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ನಾನು ಅದನ್ನು ಓದಿದೆ, ಸಹಿ ಹಾಕಿದೆ. ಕೆಳಗೆ ಬರಲಿಲ್ಲ ಎಂದರೆ ಸತ್ತಿದೆ ಎಂದೇ ಅರ್ಥವಾಗಬೇಕಾಗಿಲ್ಲ ಎಂಬುದು ಬ್ಯಾಕ್ಟೀರಿಯಾ ಎಣಿಸುವವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬೇಕಾದ ಉತ್ತರ ಕಣ್ಣೆದುರಿಗಿದ್ದಾಗ ಯಾರು ಕೆದಕುತ್ತಾರೆ.

ಆಮೇಲೆ ಎರಡು ಫಿಲ್ಟರ್ ಮಾಡಿ ಎರಡು ಕಡೆ ಇಟ್ಟೆವು. ಒಂದು ಸಿರುಗುಪ್ಪದಲ್ಲಿ, ನಮಗೆ ಹೊಟ್ಟು ಕೊಡುತ್ತಿದ್ದ ಮಿಲ್ಲಿನ ಯಜಮಾನರ ಮನೆಯಲ್ಲಿ. ಇನ್ನೊಂದು ಕುರುಗೋಡಿನ ಹತ್ತಿರದ ಒಂದು ಅಂಗನವಾಡಿಯಲ್ಲಿ. ಅಲ್ಲಿನ ಟೀಚರ್ ನನ್ನ ವಯಸ್ಸಿನವರೇ, ಹಳೆಯ ಕೆಲಸಗಾರ್ತಿ. ದಿನಾ ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಆರಿಸಿ, ಸೋಸಿ ಮಕ್ಕಳಿಗೆ ಕೊಡುತ್ತಿದ್ದರು. ಗ್ಯಾಸ್ ಮುಗಿದರೆ ಕಟ್ಟಿಗೆಯ ಒಲೆ. ಫಿಲ್ಟರ್ ಕೂರಿಸಿದ ದಿನ ಅವರು ಕೇಳಿದರು:

"ಮೇಡಂ, ಇದಕ್ಕ ಕುದಿಸಿದ ನೀರು ಹಾಕ್ಬೇಕೇನ್ರಿ, ಹಸಿ ನೀರಾ?"

"ಹಸಿ ನೀರಾ ಹಾಕ್ರಿ ಟೀಚರ್. ಇನ್ನ ಮ್ಯಾಲ ಕುದಿಸೋದು ಬ್ಯಾಡ," ಎಂದೆ. ಯಾರೂ ನನಗೆ ಹಾಗೆ ಹೇಳೆಂದು ಹೇಳಿರಲಿಲ್ಲ. ಖಾಲಿ ತಟ್ಟೆಗಳನ್ನು ನೋಡಿದ್ದ ಹುಮ್ಮಸ್ಸಿನಲ್ಲಿ ನಾನೇ ಹೇಳಿದೆ.

ವಾರಕ್ಕೊಮ್ಮೆ ಎರಡೂ ಕಡೆಯ ನೀರಿನ ಪರೀಕ್ಷೆ. ಕುರುಗೋಡಿಗೆ ನಾನೇ ಬಸ್ಸಿನಲ್ಲಿ, ಮಡಿಲಲ್ಲಿ ಐಸ್ ಡಬ್ಬಿ ಇಟ್ಟುಕೊಂಡು ಹೋಗಿಬರುತ್ತಿದ್ದೆ. ಸಿರುಗುಪ್ಪ ದೂರ. ಅಲ್ಲಿಗೆ ಶುದ್ಧ ಮಾಡಿದ ಬಾಟಲಿಗಳನ್ನು ಮೊದಲೇ ಕೊಟ್ಟಿದ್ದೆ. ಮಿಲ್ಲಿನ ಡ್ರೈವರ್ ಬ್ರೂಸ್‌ಪೇಟೆಯ ಅಂಗಡಿಗಳಿಗೆ ಅಕ್ಕಿ ಇಳಿಸಲು ಬರುವಾಗ ತುಂಬಿದ ಬಾಟಲಿ ತರುತ್ತಿದ್ದ. ಆ ಗದ್ದಲದಲ್ಲಿ ಲಾರಿ ಹುಡುಕಿ ಇಸಿದುಕೊಂಡು ಬರುವುದು ಅಟೆಂಡರಣ್ಣನ ಪಾಲು.

ಎರಡು ವಾರ ಎರಡೂ ಕಡೆ ಖಾಲಿ ತಟ್ಟೆ. ಮೂರನೇ ವಾರ ಕುರುಗೋಡಿನ ತಟ್ಟೆಯಲ್ಲಿ ಹಸಿರು ಹೊಳಪಿನ ಚುಕ್ಕೆಗಳು ಕಂಡವು. ಬೆರಳೆಣಿಕೆಯಷ್ಟು. ಬಾಟಲಿಯನ್ನು ಸರಿಯಾಗಿ ಕುದಿಸಿಲ್ಲವೇನೋ ಅಂದುಕೊಂಡೆ. ನಾಲ್ಕನೇ ವಾರ ಇನ್ನೂ ಹೆಚ್ಚು. ಸಿರುಗುಪ್ಪದ ತಟ್ಟೆ ಮಾತ್ರ ತೊಳೆದಿಟ್ಟ ಹಾಗಿತ್ತು. ಅದೇ ಇದ್ದಿಲು, ಅದೇ ದಿನ ತುಂಬಿದ ಹರಳು. ಹಾಗಾದರೆ ತಪ್ಪು ಇದ್ದಿಲಿನದಲ್ಲ, ಅಂಗನವಾಡಿಯದು. ಲೆಕ್ಕ ಬಹಳ ಸುಲಭವಾಗಿತ್ತು.

ಮುಂದಿನ ಸಲ ಹೋದಾಗ ಟೀಚರ್ ಮೇಲೆ ರೇಗಿದೆ. ಆ ದಿನ ಬಸ್ಸಿನಲ್ಲಿ ನಿಂತೇ ಹೋಗಿದ್ದೆ, ತಲೆ ಸಿಡಿಯುತ್ತಿತ್ತು. ಅದು ನೆಪ, ಗೊತ್ತು.

"ಹುಡುಗರ ಕುಂಡಿ ತೊಳಿಸಿದ ಕೈಲೆ ಫಿಲ್ಟರಿನ ನಳ ಮುಟ್ಟಿರಬೇಕು ನೀವು. ಇಲ್ಲಾಂದ್ರ ಇವು ಎಲ್ಲಿಂದ ಬರ್ತಾವ?"

ಅವರ ಮುಖ ಸಪ್ಪಗಾಯಿತು. "ಇಲ್ರಿ ಮೇಡಂ, ಸಾಬೂನು ಹಚ್ಚಿ ತೊಳಕೊಂತೀನ್ರಿ. ಬೇಕಾದ್ರ ದಿನಾ ನಳಕ್ಕ ಬಿಸಿನೀರು ಹಾಕ್ತೀನಿ ಬಿಡ್ರಿ," ಎಂದರು. ಹಾಕಿದರು ಕೂಡ. ನಾನು ನಳದ ಬಾಯಿಗೆ ಸ್ಪಿರಿಟ್ ಹಚ್ಚಿ, ಉರಿ ತೋರಿಸಿ, ಕೈಗವಸು ಹಾಕಿ ನೀರು ಹಿಡಿದೆ. ಜೊತೆಗೆ ಫಿಲ್ಟರಿಗೆ ಹಾಕುವ ಮೊದಲಿನ ನೀರನ್ನೂ ಒಂದು ಬಾಟಲಿ ತಂದೆ. ಎರಡು ದಿನದ ಮೇಲೆ ತಟ್ಟೆ ತೆಗೆದು ನೋಡಿದರೆ, ಮೊದಲಿನ ನೀರಿನಲ್ಲಿ ಇದ್ದುದಕ್ಕಿಂತ ಫಿಲ್ಟರಿನಿಂದ ಇಳಿದ ನೀರಿನಲ್ಲೇ ಚುಕ್ಕೆ ಹೆಚ್ಚು.

ಹಿಂದಿನ ವಾರಗಳ ಲೆಕ್ಕದ ಪುಸ್ತಕ ತೆಗೆದು ಪಕ್ಕದಲ್ಲಿಟ್ಟುಕೊಂಡೆ. ಹೊರಗಿನ ಕೈ ಮುಟ್ಟಿ ಬಂದದ್ದಾದರೆ ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ಇದು ವಾರದಿಂದ ವಾರಕ್ಕೆ ಬೆಳೆಯುತ್ತಿತ್ತು.

"ಹಂಗಾರ ಸಿರುಗುಪ್ಪಾದಾಗ ಯಾಕ ಇಲ್ರಿ?" ಎಂದರು ಅಟೆಂಡರಣ್ಣ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಇಷ್ಟು ದಿನ ನಾನು ಕುರುಗೋಡಿನಲ್ಲಿ ಏನು ಕೆಟ್ಟಿದೆ ಎಂದೇ ಹುಡುಕುತ್ತಿದ್ದೆ. ಸಿರುಗುಪ್ಪದಲ್ಲಿ ಯಾಕೆ ಚೆನ್ನಾಗಿದೆ ಎಂದು ಕೇಳಿಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ ಹತ್ತಿದೆ. ದಾರಿಯುದ್ದಕ್ಕೂ ಭತ್ತದ ಗದ್ದೆ, ಊರು ಹತ್ತಿರವಾದಂತೆ ಮಿಲ್ಲುಗಳ ಚಿಮಣಿ. ಯಜಮಾನರ ಮನೆಯ ಅಮ್ಮ ಹಣೆತುಂಬ ವಿಭೂತಿ ಹಚ್ಚಿಕೊಂಡು ಆಗಷ್ಟೇ ಪೂಜೆ ಮುಗಿಸಿ ಬಂದಿದ್ದರು. ನಾನು ನೀರು ಹಿಡಿಯಲು ಬಂದೆನೆಂದು ಹೇಳಿದ್ದೇ, "ಕೂಡ್ರಿ ಮೇಡಂ, ನಾನಾ ತಂದುಕೊಡ್ತೀನಿ," ಎಂದು ಬಾಟಲಿ ಇಸಿದುಕೊಂಡು ಒಳಗೆ ಹೋದರು. ಫಿಲ್ಟರ್ ಇದ್ದದ್ದು ಅಡುಗೆಮನೆಯ ಕಟ್ಟೆಯ ಮೇಲೆ, ನನ್ನ ಕಣ್ಣೆದುರಿಗೇ. ಅವರು ಹೋದದ್ದು ದೇವರ ಕೋಣೆಗೆ.

ಹಿಂದೆಯೇ ಹೋದೆ. ಅಲ್ಲಿ ಹುಣಸೆಹಣ್ಣು ಹಚ್ಚಿ ಬೆಳಗಿದ ತಾಮ್ರದ ಕೊಡಪಾನ ಇತ್ತು. ಅಮ್ಮ ಅದರಿಂದ ಬಾಟಲಿಗೆ ನೀರು ಬಗ್ಗಿಸುತ್ತಿದ್ದರು.

"ಅಮ್ಮಾರೆ, ಪ್ರತಿ ವಾರ ಇದರಾಗಿಂದಾ ಕೊಟ್ಟೀರೇನ್ರಿ?"

"ಹೌದ್ರಿ. ಫಿಲ್ಟರಿನ ನೀರಾ ಐತಿ ಅದು. ಸಂಜಿಗೆ ಹಿಡದು ತುಂಬಿಟ್ಟಿರತೀನಿ, ಮುಂಜಾನೆ ಲಿಂಗಪೂಜಿಗೆ ಬೇಕಲ್ಲ. ಪರೀಕ್ಷೆಗೆ ಹೋಗೋ ನೀರು, ಊರ ಮುಂದ ನಮ್ಮನಿ ನೀರು ಅನಿಸ್ಕೊಳ್ಳೋದು. ನಳದ್ದು ಹಿಡದು ಕೊಟ್ರ ಚಂದ ಅಲ್ಲ ಅಂತ ಪೂಜಿ ನೀರು ಕೊಟ್ಟೀನ್ರಿ. ಯಾಕ, ಏನರ ತಪ್ಪಾತೇನ್ರಿ?"

ತಪ್ಪೇನೂ ಇಲ್ಲ ಎಂದೆ. ಅವರದ್ದು ನಿಜಕ್ಕೂ ಏನೂ ತಪ್ಪಿರಲಿಲ್ಲ. ಫಿಲ್ಟರಿನ ನೀರು ಕಳಿಸಿ ಅಂದಿದ್ದೆ, ಫಿಲ್ಟರಿನ ನೀರನ್ನೇ ಕಳಿಸಿದ್ದರು. ಮನೆಯಲ್ಲಿರುವುದರಲ್ಲಿ ಒಳ್ಳೆಯದನ್ನು ಕೊಡಬೇಕೆನ್ನುವ ಹೆಣ್ಣುಮಗಳು ಪೂಜೆಯ ನೀರಿಗಿಂತ ಒಳ್ಳೆಯದನ್ನು ಎಲ್ಲಿಂದ ತಂದಾರು. ರಾತ್ರಿಯಿಡೀ ತಾಮ್ರದಲ್ಲಿ ನಿಂತ ನೀರಿನಲ್ಲಿ ಇಂಥ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಇದನ್ನು ನಾನೇ ತರಗತಿಯಲ್ಲಿ ಪಾಠ ಮಾಡಿದ್ದೇನೆ. ಬಾಟಲಿ ಯಾವ ಪಾತ್ರೆಯಿಂದ ತುಂಬುತ್ತದೆ ಎಂದು ಒಂದು ದಿನವೂ ಹೋಗಿ ನೋಡಿರಲಿಲ್ಲ. ದೂರ, ಬಿಸಿಲು, ಬಸ್ಸು ಅಂತ ನೆಪ ಹೇಳಿಕೊಂಡು ಡ್ರೈವರ್ ತಂದ ಬಾಟಲಿಯನ್ನು ನಂಬಿದ್ದೆ.

ಅಮ್ಮ ಕೊಟ್ಟ ಮಂಡಕ್ಕಿ ತಿಂದು ಚಹಾ ಕುಡಿದು, ಫಿಲ್ಟರಿನ ನಳದಿಂದ ನೇರವಾಗಿ ಒಂದು ಬಾಟಲಿ, ಕೊಡಪಾನದಿಂದ ಒಂದು ಬಾಟಲಿ ತುಂಬಿಕೊಂಡೆ. ಅವರನ್ನು ಕೂರಿಸಿ ಕೆಲವು ದಿನ ನೀರು ಕುದಿಸಿಯೇ ಕುಡಿಯಿರಿ ಎಂದು ಹೇಳಿದೆ. ಫಿಲ್ಟರ್ ಒಳಗಿನ ಹರಳನ್ನು ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿಕೊಂಡೆ.

ಪ್ರಯೋಗಾಲಯದಲ್ಲಿ ಆ ಹರಳನ್ನು ಉಪ್ಪುನೀರಿನಲ್ಲಿ ಹಾಕಿ ಕುಲುಕಿ, ಆ ನೀರನ್ನೂ ಎರಡು ಬಾಟಲಿಯ ನೀರನ್ನೂ ತಟ್ಟೆಗೆ ಹಚ್ಚಿದೆ. ಮೊದಲ ಪ್ರಯೋಗದ ಹಾಗೆಯೇ ಹೊಸ ಕೊಳವೆ ತುಂಬಿ, ಬ್ಯಾಕ್ಟೀರಿಯಾ ಇಳಿಸಿ, ಕೆಳಗಿನ ನೀರಿನ ಬದಲು ಹರಳನ್ನೇ ಕುಲುಕಿ ಹಚ್ಚಿದೆ. ಮೊದಲ ಖಾಲಿ ತಟ್ಟೆ ಕಂಡ ದಿನವೇ ಮಾಡಬೇಕಿದ್ದ ಕೆಲಸ, ಒಂದು ಗಂಟೆಯದ್ದು.

ಮರುದಿನ ತಟ್ಟೆಗಳನ್ನು ಎಣಿಸುವ ಅಗತ್ಯವೇ ಬೀಳಲಿಲ್ಲ. ಹರಳಿನ ತಟ್ಟೆಗಳಲ್ಲಿ ಚುಕ್ಕೆ ಬಿಡಿಬಿಡಿಯಾಗಿರದೆ ಒಂದೇ ಹಸಿರು ಹಾಸಾಗಿತ್ತು. ಸಿರುಗುಪ್ಪದ ನಳದ ನೀರೂ ಕುರುಗೋಡಿನಂತೆಯೇ. ಖಾಲಿ ಇದ್ದದ್ದು ಕೊಡಪಾನದ ತಟ್ಟೆ ಒಂದೇ. ನಮ್ಮ ಇದ್ದಿಲು ಬ್ಯಾಕ್ಟೀರಿಯಾವನ್ನು ಎಳೆದು ಹಿಡಿಯುತ್ತಿತ್ತು, ಬಹಳ ಚೆನ್ನಾಗಿ ಹಿಡಿಯುತ್ತಿತ್ತು, ಕೊಲ್ಲುತ್ತಿರಲಿಲ್ಲ. ಅದರ ತೀರ ಸಣ್ಣ ತೂತುಗಳಲ್ಲಿ ಬ್ಯಾಕ್ಟೀರಿಯಾ ಹಿಡಿಸುವುದಿಲ್ಲ, ಆದರೆ ನೀರಿನಲ್ಲಿ ಕರಗಿದ ಅದರ ಆಹಾರ ಹಿಡಿಸುತ್ತದೆ. ಹೊರಮೈಯ ಬಿರುಕುಗಳಲ್ಲಿ ಕೂತ ಬ್ಯಾಕ್ಟೀರಿಯಾಕ್ಕೆ ಬಾಗಿಲಲ್ಲೇ ಉಗ್ರಾಣ. ಎರಡು ವಾರ ಅಲ್ಲಿ ಜಾಗ ಇತ್ತು. ಮೂರನೇ ವಾರಕ್ಕೆ ಮನೆ ತುಂಬಿ, ಹೆಚ್ಚಾದವು ನೀರಿನ ಜೊತೆ ಇಳಿಯತೊಡಗಿದವು. ಶುದ್ಧ ಮಾಡಲೆಂದು ಇಟ್ಟ ಫಿಲ್ಟರ್ ಮಕ್ಕಳ ಲೋಟಕ್ಕೆ ಇನ್ನಷ್ಟು ಸೇರಿಸುತ್ತಿತ್ತು.

ಸರ್ ಮುಂದೆ ತಟ್ಟೆಗಳನ್ನು ಸಾಲಾಗಿ ಇಟ್ಟೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರೂ ದಣಿದಿದ್ದರು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

"ಇದರಾಗ ತಾಮ್ರ ಕೂರಿಸಿದ್ರ ಸಾಯ್ತಾವ. ಮುಂದಿನ ಹಂತದಾಗ ಅದನ್ನ ಮಾಡೋಣ," ಎಂದರು.

"ಮಾಡೋಣ್ರಿ ಸರ್. ಈಗ ಅಂಗನವಾಡಿದ್ದು ಏನು ಮಾಡೋಣ?"

"ಹದಿನೈದು ದಿವಸ ತಡೀರಿ. ವರದಿ ಹೋಗಲಿ. ಆಮ್ಯಾಲ ಸರ್ವೀಸಿಗೆ ಅಂತ ಹೇಳಿ ತಂದುಬಿಡ್ರಿ. ಯಾರಿಗೂ ಏನೂ ಆಗಿಲ್ಲಲ್ಲ."

ತಟ್ಟೆಗಳನ್ನು ಎತ್ತಿಕೊಂಡು ಬಂದು ಬ್ಯಾಕ್ಟೀರಿಯಾ ಸಾಯಲೆಂದು ಪ್ರೆಷರ್ ಪಾತ್ರೆಯಲ್ಲಿ ಹಾಕಿ ಕುದಿಸಲು ಇಟ್ಟೆ. ಕೆಲಸ ಹೋದೀತೆಂಬ ಹೆದರಿಕೆ ಇತ್ತು. ಅದಕ್ಕಿಂತ ದೊಡ್ಡದು ಬೇಸರ. ಮತ್ತೆ ಹೊಟ್ಟು, ಮತ್ತೆ ಕುಲುಮೆ, ಮತ್ತೆ ಆ ಕರಿ ತೊಳೆಯುವುದು. ಹದಿನೈದು ದಿನ ಸುಮ್ಮನಿದ್ದರೆ ಎಲ್ಲರಿಗೂ ಆರಾಮ, ನನಗೂ. ಆದರೆ ಕುದಿಸೋದು ಬ್ಯಾಡ ಎಂದು ಹೇಳಿದ್ದು ಸರ್ ಅಲ್ಲ. ನಾಳೆ ಬೆಳಿಗ್ಗೆ ಆ ಟೀಚರ್ ನನ್ನ ಮಾತು ನಂಬಿ ನಳ ತಿರುಗಿಸುತ್ತಾರೆ, ನಾಡಿದ್ದೂ ತಿರುಗಿಸುತ್ತಾರೆ. ಇಲ್ಲಿ ತಟ್ಟೆಯಲ್ಲಿ ಏನಿದೆಯೆಂದು ಗೊತ್ತಿದ್ದೂ ಕೂತರೆ ಅದು ಸಂಶೋಧನೆ ಅಲ್ಲ, ಬೇರೇನೋ.

ಟೀಚರಿಗೆ ಫೋನ್ ಹಚ್ಚಿದೆ, ಸ್ವಿಚ್ ಆಫ್ ಇತ್ತು. ವರದಿಯ ಕರಡಿನಲ್ಲಿ 'ಕೊಲ್ಲುತ್ತದೆ' ಎಂಬುದನ್ನು ಹೊಡೆದು 'ಹಿಡಿಯುತ್ತದೆ. ಹಿಡಿದವು ಬದುಕಿ ಬೆಳೆಯುತ್ತವೆ' ಎಂದು ಬರೆದೆ. ಅದನ್ನು ಸರ್ ಮೇಜಿನ ಮೇಲಿಟ್ಟು, ಕುರುಗೋಡಿಗೆ ಹೋಗುತ್ತಿದ್ದೇನೆ ಎಂದು ಒಂದು ಚೀಟಿ ಸಿಕ್ಕಿಸಿದೆ. ಮರುದಿನ ಮೊದಲ ಬಸ್ಸಿಗೇ ಹೊರಟೆ.

ಅಂಗನವಾಡಿಯ ಬಾಗಿಲು ಆಗಷ್ಟೇ ತೆಗೆದಿತ್ತು. ಮಕ್ಕಳು ಒಂದೊಂದಾಗಿ ಬರುತ್ತಿದ್ದವು. ಟೀಚರ್ ನನ್ನನ್ನು ಕಂಡು ಗಡಿಬಿಡಿಯಲ್ಲಿ ನಳದ ಹತ್ತಿರ ಹೋಗಿ, "ಇವತ್ತೂ ಬಿಸಿನೀರು ಹಾಕೀನ್ರಿ ಮೇಡಂ," ಎಂದರು. ಮತ್ತೆ ಬೈಯಲು ಬಂದಳು ಅಂದುಕೊಂಡಿರಬೇಕು.

"ಟೀಚರ್, ನಿಮ್ಮ ಕೈದು, ನಳದ್ದು ಏನೂ ತಪ್ಪಿಲ್ಲ. ನಾನು ಹೇಳಿದ್ದಾ ತಪ್ಪು. ಇದ್ದಿಲು ಆ ಹುಳಾನ ಹಿಡಿತೈತಿ, ಸಾಯಸಂಗಿಲ್ಲ. ಅವು ಒಳಗ ಹೆಚ್ಚಾಗಿ ವಾಪಸ್ ನೀರಾಗ ಇಳಿಯಾಕ ಹತ್ಯಾವ. ಇದನ್ನ ತೊಗೊಂಡು ಹೋಗಾಕ ಬಂದೀನಿ. ಇವತ್ತಿಂದ ಮತ್ತ ಕುದಿಸಿ ಕೊಡ್ರಿ."

ಅವರು ಫಿಲ್ಟರನ್ನು ನೋಡಿದರು, ನನ್ನನ್ನು ನೋಡಿದರು. "ಎಷ್ಟು ದಿನದಿಂದ ಹಿಂಗೈತ್ರಿ?"

"ಮೂರನೇ ವಾರದಿಂದ. ಈಗ ಮೂರು ವಾರ ಆಗಾಕ ಬಂತು."

"ಹೋದ ವಾರ ಇಬ್ಬರಿಗೆ ಹೊಟ್ಟಿ ಕೆಟ್ಟಿತ್ತು. ಹಸಿ ಹುಣಸಿಕಾಯಿ ತಿಂದಾವ ಅಂತ ಆ ಹುಡುಗರಿಗೇ ಬೈದೆ ನಾನು," ಎಂದರು. ಫಿಲ್ಟರಿನ ಕಡೆ ಕೈ ತೋರಿಸಿ, "ಇದರಿಂದಾ ಏನ್ರಿ?"

"ಗೊತ್ತಿಲ್ರಿ. ಇರಬಹುದು, ಇಲ್ಲದೇನೂ ಇರಬಹುದು. ಈಗ ಆರಾಮ ಅದಾವೇನ್ರಿ?"

"ಅದಾವ," ಎಂದು ಮೂಲೆಯಲ್ಲಿ ಕೂತಿದ್ದ ಒಂದು ಹುಡುಗಿಯನ್ನು ತೋರಿಸಿದರು. "ಇಕಿ ಒಬ್ಬಾಕಿ. ಇನ್ನೊಬ್ಬ ಬರ್ತಾನ ಇನ್ನ."

ಹುಡುಗಿ ನನ್ನನ್ನು ನೋಡಿ ನಕ್ಕಳು. ನಾನು ತಲೆ ತಗ್ಗಿಸಿ ಫಿಲ್ಟರಿನ ತಿರುಪು ಬಿಚ್ಚತೊಡಗಿದೆ. ಟೀಚರ್ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಫಿಲ್ಟರಿನ ಕೆಳಗಿನ ನೀರನ್ನೆಲ್ಲ ಬಚ್ಚಲಿಗೆ ಚೆಲ್ಲಿ, ದೊಡ್ಡ ಪಾತ್ರೆ ತೊಳೆದು ಒಲೆಯ ಮೇಲಿಟ್ಟು, ನನ್ನ ಕಡೆ ತಿರುಗದೆ ಕೇಳಿದರು:

"ಮೇಡಂ, ನೀವು ಒಂದು ದಿನಾನರ ಈ ನೀರು ಕುಡದೀರೇನ್ರಿ?"

ಪ್ರಯೋಗಾಲಯದಲ್ಲಿ ಏನನ್ನೂ ಬಾಯಿಗೆ ಹಾಕಬಾರದು ಎಂಬುದು ನಾವು ಕಾಲೇಜಿನ ಹುಡುಗರಿಗೆ ಕಲಿಸುವ ಮೊದಲ ಪಾಠ. ಒಳ್ಳೆಯ ಪಾಠವೇ. ಅದನ್ನು ಅವರಿಗೆ ಹೇಳಬಹುದಿತ್ತು. ಆದರೆ ಅವರು ಕೇಳಿದ್ದು ಅದಲ್ಲ. ಇಷ್ಟು ತಿಂಗಳಲ್ಲಿ ಬಳ್ಳಾರಿಯಲ್ಲಾಗಲಿ, ಇಲ್ಲಾಗಲಿ, ಆ ಇದ್ದಿಲಿನಿಂದ ಇಳಿದ ನೀರನ್ನು ನಾನು ಒಂದು ಗುಟುಕೂ ಕುಡಿದಿರಲಿಲ್ಲ.

"ಇಲ್ರಿ," ಎಂದೆ.

"ಹ್ಞೂಂ," ಎಂದರು, ಅಷ್ಟೇ.

ಮಕ್ಕಳು ನೀರು ಕೇಳಿದವು. "ತಡೀರಿ, ಕುದೀಲಿ, ಆರಲಿ," ಎಂದು ಅವನ್ನು ಕೂರಿಸಿದರು. ನನ್ನ ಬಸ್ಸಿಗೆ ಹೊತ್ತಾಗುತ್ತಿತ್ತು, ಎದ್ದು ಹೋಗಲಾಗಲಿಲ್ಲ. ನೀರು ಆರಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಟೀಚರ್ ಬಟ್ಟೆ ಕಟ್ಟಿ ಸೋಸಿ, ಮೊದಲ ಲೋಟವನ್ನು ಮಕ್ಕಳಿಗೆ ಕೊಡದೆ ತಂದು ನನ್ನ ಮುಂದೆ ಹಿಡಿದರು.

"ಮೊದಲ ನೀವು ಕುಡೀರಿ," ಎಂದರು.

ಇನ್ನೂ ಬೆಚ್ಚಗಿತ್ತು, ಕುದಿಸಿದ ನೀರಿನ ಆ ಸಪ್ಪೆ ರುಚಿ. ಎಲ್ಲ ಮಕ್ಕಳೂ ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದವು. ಲೋಟ ಖಾಲಿಯಾಗುವ ತನಕ ಕುಡಿದೆ.